ಹಂಪಿಯ ಬಂಡೆ, ಕೋಲಾರದ ಆಳ ಮತ್ತು ದುರ್ಬಲ ಎಂಬ ಹೆಸರು

ಹಂಪಿಯ ಇತಿಹಾಸವನ್ನು ನಾವು 1336ರಿಂದ ಶುರು ಮಾಡಿ 1565ಕ್ಕೆ ಮುಗಿಸುತ್ತೇವೆ. ಹೆಚ್ಚೆಂದರೆ ಕಂಪ್ಲಿಯ ಗಂಡುಗಲಿ ಕುಮಾರರಾಮನ ತನಕ ಹಿಂದಕ್ಕೆ ಹೋಗುತ್ತೇವೆ. ಪುರಾಣದ ಕಡೆಗೆ ಒಲವಿದ್ದರೆ ಕಿಷ್ಕಿಂಧೆಯ ತನಕ. ಈ ಕಥೆಗಳಿಗೆಲ್ಲ ಬೆನ್ನು ಕೊಟ್ಟು ನಿಂತ ಬಂಡೆಗಳಿಗೂ ಒಂದು ಇತಿಹಾಸವಿದೆ ಎಂಬುದು ಹೊಸಪೇಟೆಯವನಾದ ನನಗೇ ಬಹಳ ಕಾಲ ಹೊಳೆದಿರಲಿಲ್ಲ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಪಕ್ಕದ ಸಂಡೂರಿನ ಕಬ್ಬಿಣದ ಪದರಗಳು ಅವಕ್ಕಿಂತಲೂ ಹಳೆಯವು.

ಕಲ್ಲಿನ ಮೇಲೆ ಬರೆದ ಯಾವ ಶಾಸನವೂ ಈ ವಯಸ್ಸನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಕಲ್ಲಿನ ಒಳಗಿರುವ ಗಡಿಯಾರ. ಯುರೇನಿಯಂ ಸೀಸವಾಗುವುದು, ರುಬಿಡಿಯಂ ಸ್ಟ್ರಾಂಷಿಯಂ ಆಗುವುದು, ಪೊಟ್ಯಾಸಿಯಂ ಆರ್ಗಾನ್ ಆಗುವುದು, ಇಂಥ ಹಲವು ಗಡಿಯಾರಗಳನ್ನು ಭೂವಿಜ್ಞಾನಿಗಳು ಓದುತ್ತಾರೆ. ಹಂಪಿಯ ಗ್ರಾನೈಟಿಗೆ ನಸುಗೆಂಪು ಬಣ್ಣ ಕೊಡುವ ಫೆಲ್ಡ್‌ಸ್ಪಾರ್ ಖನಿಜದ ತುಂಬ ಪೊಟ್ಯಾಸಿಯಂ ಇದೆ. ಅದರಲ್ಲಿ ಹತ್ತು ಸಾವಿರಕ್ಕೆ ಒಂದರಂತೆ ಪೊಟ್ಯಾಸಿಯಂ-40 ಎಂಬ ಅಸ್ಥಿರ ಪರಮಾಣು. ಅದರ ಅರ್ಧಾಯು 125 ಕೋಟಿ ವರ್ಷ. ಅಂದರೆ ಬಂಡೆ ಹುಟ್ಟಿದಾಗ ಇದ್ದುದರಲ್ಲಿ ಈಗ ಕಾಲು ಭಾಗ ಮಾತ್ರ ಉಳಿದಿದೆ. ಉಳಿದ ಮುಕ್ಕಾಲು ಭಾಗ ಕ್ಯಾಲ್ಸಿಯಂ ಆಗಿ, ಆರ್ಗಾನ್ ಆಗಿ ಬದಲಾಗಿದೆ. ಕಮಲಾಪುರದ ಗದ್ದೆಗಳಲ್ಲಿ ಬೆಳೆಯುವ ಬಾಳೆಹಣ್ಣಿನಲ್ಲೂ ಇದೇ ಪೊಟ್ಯಾಸಿಯಂ ಇದೆ. ಒಂದು ಹಣ್ಣಿನಲ್ಲಿ ಸೆಕೆಂಡಿಗೆ ಹದಿನಾಲ್ಕೋ ಹದಿನೈದೋ ಪರಮಾಣುಗಳು ಹೀಗೆ ಬದಲಾಗುತ್ತಿರುತ್ತವೆ. ನಮ್ಮ ದೇಹದಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ.

ಈ ಬದಲಾವಣೆಯನ್ನು ನಡೆಸುವ ಶಕ್ತಿಗೆ ಭೌತವಿಜ್ಞಾನದಲ್ಲಿ ದುರ್ಬಲ ಬಲ ಎಂದು ಹೆಸರು. ಗುರುತ್ವ, ವಿದ್ಯುತ್ಕಾಂತ, ಪ್ರಬಲ ಬೈಜಿಕ ಬಲ ಇವುಗಳ ಜೊತೆಗೆ ಪ್ರಕೃತಿಯ ನಾಲ್ಕು ಮೂಲಬಲಗಳಲ್ಲಿ ಒಂದು. ಸಂಡೂರಿನ ಅದಿರಿನಲ್ಲಿರುವ ಕಬ್ಬಿಣದ ಕಥೆಯೂ ಇದರದೇ. ಕಬ್ಬಿಣದ ಬಹುಪಾಲು ಪರಮಾಣುಗಳು ಸ್ಫೋಟಿಸಿದ ನಕ್ಷತ್ರಗಳಲ್ಲಿ ಮೊದಲು ನಿಕ್ಕಲ್-56 ಆಗಿ ಹುಟ್ಟಿದವು. ನಿಕ್ಕಲ್ ಆರು ದಿನದ ಅರ್ಧಾಯುವಿನಲ್ಲಿ ಕೋಬಾಲ್ಟ್ ಆಯಿತು, ಕೋಬಾಲ್ಟ್ 77 ದಿನದ ಅರ್ಧಾಯುವಿನಲ್ಲಿ ಕಬ್ಬಿಣವಾಯಿತು. ಎರಡು ಹೆಜ್ಜೆಯೂ ದುರ್ಬಲ ಬಲದ ಕೆಲಸ. ನಮ್ಮ ಜಿಲ್ಲೆಯ ಸಂಪತ್ತನ್ನೂ ಜಗಳಗಳನ್ನೂ ಹುಟ್ಟಿಸಿದ ಆ ಲೋಹವನ್ನು ಮಾಡಿದ ಬಲವನ್ನು ದುರ್ಬಲ ಎಂದು ಕರೆಯುತ್ತೇವೆ ಎಂಬುದೇ ಕುತೂಹಲದ ಸಂಗತಿ. ಈ ಹೆಸರು ಹೇಗೆ ಬಂತು, ಎಷ್ಟು ಸರಿ, ಅದನ್ನು ಪರೀಕ್ಷಿಸಲು ಕರ್ನಾಟಕದ ನೆಲದಲ್ಲಿ ಏನು ನಡೆಯಿತು ಎಂಬುದು ನಾನು ಇಲ್ಲಿ ಹೇಳಹೊರಟಿರುವ ಇತಿಹಾಸ.

1896ರಲ್ಲಿ ಆನ್ರಿ ಬೆಕ್ವೆರೆಲ್ ಯುರೇನಿಯಂನ ವಿಕಿರಣ ಕಂಡ. ಅದರಲ್ಲಿ ಬೇರೆ ಬೇರೆ ಬಗೆಗಳಿವೆ ಎಂದು ರುದರ್‌ಫರ್ಡ್ ಗುರುತಿಸಿ ಆಲ್ಫಾ, ಬೀಟಾ ಎಂದು ಹೆಸರಿಟ್ಟ. ಬೀಟಾ ಎಂದರೆ ಪರಮಾಣುವಿನ ಬೀಜದಿಂದ ಹೊರಬರುವ ಎಲೆಕ್ಟ್ರಾನ್. ಅದರ ಲೆಕ್ಕ ಮಾತ್ರ ಕೂಡಿ ಬರುತ್ತಿರಲಿಲ್ಲ. ಹೊರಬಂದ ಎಲೆಕ್ಟ್ರಾನುಗಳ ಶಕ್ತಿ ಒಂದೊಂದು ಸಲ ಒಂದೊಂದು. ಉಳಿದ ಶಕ್ತಿ ಎಲ್ಲಿ ಹೋಯಿತು? 1930ರ ಡಿಸೆಂಬರಿನಲ್ಲಿ ವೋಲ್ಫ್‌ಗಾಂಗ್ ಪೌಲಿ ಒಂದು ಪತ್ರ ಬರೆದು, ಕಣ್ಣಿಗೆ ಬೀಳದ ಇನ್ನೊಂದು ಕಣ ಆ ಶಕ್ತಿಯನ್ನು ಹೊತ್ತೊಯ್ಯುತ್ತಿರಬಹುದು ಎಂದ. ಅದೇ ನ್ಯೂಟ್ರಿನೊ. 1934ರಲ್ಲಿ ಎನ್ರಿಕೊ ಫರ್ಮಿ ಆ ಕಣವನ್ನು ಸೇರಿಸಿಕೊಂಡು ಬೀಟಾ ಕ್ಷಯದ ಸಿದ್ಧಾಂತ ಕಟ್ಟಿದ. ಅದರಲ್ಲಿ ಬಲದ ಅಳತೆಯಾಗಿ ಒಂದು ಸ್ಥಿರಾಂಕವಿತ್ತು. ಪ್ರಯೋಗಗಳಿಗೆ ಹೊಂದಿಸಿ ನೋಡಿದರೆ ಅದು ವಿಪರೀತ ಸಣ್ಣದು. ಅಲ್ಲಿಂದ ಮುಂದೆ ಈ ಬಲಕ್ಕೆ ದುರ್ಬಲ ಎಂಬ ವಿಶೇಷಣ ಅಂಟಿಕೊಂಡಿತು.

ಆದರೆ ಆ ಸಿದ್ಧಾಂತ ಬರುವ ಒಂದು ವರ್ಷ ಮೊದಲೇ, 1933ರಲ್ಲಿ, ಕೆನಡಾದ ಬಿ. ಡಬ್ಲ್ಯು. ಸಾರ್ಜೆಂಟ್ ಒಂದು ಸಂಗತಿ ಗಮನಿಸಿದ್ದ. ಬೀಟಾ ಕ್ಷಯದಲ್ಲಿ ಬಿಡುಗಡೆಯಾಗುವ ಶಕ್ತಿ ಸ್ವಲ್ಪ ಹೆಚ್ಚಾದರೂ ಕ್ಷಯದ ವೇಗ ಬಹಳ ಹೆಚ್ಚುತ್ತದೆ. ಫರ್ಮಿಯ ಲೆಕ್ಕದಿಂದ ಅದರ ನಿಯಮ ಸಿಕ್ಕಿತು: ಸ್ಥೂಲವಾಗಿ ಶಕ್ತಿಯ ಐದನೆಯ ಘಾತ. ಶಕ್ತಿ ಎರಡು ಪಟ್ಟಾದರೆ ವೇಗ 32 ಪಟ್ಟು. ಈ ಏಣಿಯನ್ನು ಹತ್ತಿ ನೋಡಿದರೆ ಗಾಬರಿಯಾಗುತ್ತದೆ. ಒಂಟಿ ನ್ಯೂಟ್ರಾನ್ ಸುಮಾರು 15 ನಿಮಿಷ ಬದುಕುತ್ತದೆ. ಅದಕ್ಕಿಂತ ನೂರಾರು ಪಟ್ಟು ಶಕ್ತಿ ಬಿಡುಗಡೆ ಮಾಡುವ ಮ್ಯುವಾನ್ ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ ಮಾತ್ರ ಬದುಕುತ್ತದೆ. ಮ್ಯುವಾನಿಗಿಂತ ಹದಿನೇಳು ಪಟ್ಟು ಭಾರದ ಟೌ ಕಣದ ಆಯುಸ್ಸು ಮ್ಯುವಾನಿನದರ 75 ಲಕ್ಷದಲ್ಲೊಂದು ಪಾಲು. ಮೂರನ್ನೂ ಒಡೆಯುವುದು ಅದೇ ದುರ್ಬಲ ಬಲ. ಇನ್ನೊಂದು ತುದಿಯಲ್ಲಿ ಹಂಪಿಯ ಬಂಡೆಯ ಪೊಟ್ಯಾಸಿಯಂ ನೂರಾರು ಕೋಟಿ ವರ್ಷ ತೆಗೆದುಕೊಳ್ಳುತ್ತದೆ. ಅದಕ್ಕೆ ಬಿಡುಗಡೆಯಾಗುವ ಶಕ್ತಿ ಕಡಿಮೆ ಎಂಬುದಷ್ಟೇ ಕಾರಣವಲ್ಲ. ಆ ಬೀಜದ ಒಳಸುತ್ತು ನಾಲ್ಕು ಹೆಜ್ಜೆ ಬದಲಾಗಬೇಕು, ಅದೂ ಅಡ್ಡಿ. ಆದರೂ ಮಾತು ಸ್ಪಷ್ಟ: ಶಕ್ತಿ ಏರಿದಂತೆ ದುರ್ಬಲ ಬಲ ದುರ್ಬಲವಾಗಿ ಉಳಿಯುವುದಿಲ್ಲ.

ಇದೇ ಮಾತು ನ್ಯೂಟ್ರಿನೊಗೂ ಅನ್ವಯ. 1934ರಲ್ಲಿ ಹಾನ್ಸ್ ಬೆಥೆ ಮತ್ತು ರುಡಾಲ್ಫ್ ಪಯರ್ಲ್ಸ್ ಲೆಕ್ಕ ಹಾಕಿ, ನ್ಯೂಟ್ರಿನೊ ಎಷ್ಟು ವಿರಳವಾಗಿ ಡಿಕ್ಕಿ ಹೊಡೆಯುತ್ತದೆಂದರೆ ಅದನ್ನು ಎಂದೂ ಕಾಣಲಾಗದು ಎಂದು ತೀರ್ಮಾನಿಸಿದರು. 1956ರಲ್ಲಿ ರೈನಸ್ ಮತ್ತು ಕೋವನ್ ಪರಮಾಣು ರಿಯಾಕ್ಟರಿನ ಪಕ್ಕ ಕಾದು ಕುಳಿತು ಅದನ್ನು ಹಿಡಿದರು. ಅವು ಕೆಲವು ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಿನೊಗಳು. ಅದಕ್ಕಿಂತ ಸಾವಿರ ಪಟ್ಟು ಶಕ್ತಿಯವು ಸಿಕ್ಕರೆ? ಸಿದ್ಧಾಂತದ ಪ್ರಕಾರ ಡಿಕ್ಕಿಯ ಸಾಧ್ಯತೆ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚಬೇಕು. ಅಂಥ ನ್ಯೂಟ್ರಿನೊಗಳು ಕಾಸು ಖರ್ಚಿಲ್ಲದೆ ಆಕಾಶದಲ್ಲಿ ಹುಟ್ಟುತ್ತವೆ. ವಿಶ್ವಕಿರಣಗಳು ವಾತಾವರಣಕ್ಕೆ ಅಪ್ಪಳಿಸಿದಾಗ ಮ್ಯುವಾನುಗಳ ಮಳೆಯ ಜೊತೆ ನ್ಯೂಟ್ರಿನೊಗಳೂ ಸುರಿಯುತ್ತವೆ. ತೊಂದರೆಯೆಂದರೆ ಆ ಮ್ಯುವಾನುಗಳದೇ. ಚಾಚಿದ ಅಂಗೈ ಮೇಲೆ ನಿಮಿಷಕ್ಕೆ ಸುಮಾರು ನೂರು ಬೀಳುತ್ತವೆ. ಆ ಗದ್ದಲದಲ್ಲಿ ನ್ಯೂಟ್ರಿನೊದ ಪಿಸುಮಾತು ಕೇಳಿಸುವುದಿಲ್ಲ. ಗದ್ದಲವಿಲ್ಲದ ಜಾಗ ಬೇಕು. ಅಂಥ ಜಾಗ ಇದ್ದುದು ಕೋಲಾರದ ಚಿನ್ನದ ಗಣಿಯಲ್ಲಿ.

ಈ ಕಥೆಗೆ ಒಬ್ಬ ಕನ್ನಡಿಗರು ಬೇಕು, ಇದ್ದಾರೆ. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಬಿ. ವಿ. ಶ್ರೀಕಂಠನ್ 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಹೋಮಿ ಭಾಭಾ ಅವರ ಸಲಹೆಯಂತೆ 1951ರಿಂದ ಕೋಲಾರದ ಗಣಿಗೆ ಇಳಿದು ಬೇರೆ ಬೇರೆ ಆಳಗಳಲ್ಲಿ ಮ್ಯುವಾನುಗಳನ್ನು ಎಣಿಸತೊಡಗಿದರು. ಮುಂದೆ ಆ ಸಂಸ್ಥೆಯ ನಿರ್ದೇಶಕರಾದರು. 1960ರ ದಶಕದ ಆರಂಭದಲ್ಲಿ ಮಿಯಾಕೆ, ನರಸಿಂಹಂ, ರಮಣಮೂರ್ತಿ ಅವರ ತಂಡ ಇನ್ನೂ ಆಳಕ್ಕೆ ಹೋಯಿತು. ಇಳಿದಷ್ಟೂ ಎಣಿಕೆ ಕಡಿಮೆಯಾಯಿತು. ಎಲ್ಲಕ್ಕಿಂತ ಆಳದ ಜಾಗದಲ್ಲಿ ಎರಡು ತಿಂಗಳು ಯಂತ್ರ ಓಡಿಸಿದರೂ ಒಂದು ಮ್ಯುವಾನೂ ದಾಖಲಾಗಲಿಲ್ಲ. ಬೇರೆ ಯಾವ ಪ್ರಯೋಗದಲ್ಲಾದರೂ ಸೊನ್ನೆ ಎಂದರೆ ಸೋಲು. ಇಲ್ಲಿ ಸೊನ್ನೆಯೇ ಸುದ್ದಿ. ಮ್ಯುವಾನ್ ಬಾರದ ಜಾಗದಲ್ಲಿ ಮ್ಯುವಾನ್ ಕಂಡರೆ, ಅದನ್ನು ಅಲ್ಲೇ ಹುಟ್ಟಿಸಿದ್ದು ನ್ಯೂಟ್ರಿನೊ ಇರಬೇಕು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳಕ್ಕೆ ಉಪಕರಣ ಇಳಿಸಿದವು. ಗೋಡೆಯಂತೆ ನಿಲ್ಲಿಸಿದ ಸಿಂಟಿಲೇಟರುಗಳು, ನಡುವೆ ನಿಯಾನ್ ಕೊಳವೆಗಳು. ಮೇಲಿನಿಂದ ಬರುವ ಕಣಗಳನ್ನು ನೋಡುವುದು ಅವುಗಳ ಉದ್ದೇಶವಾಗಿರಲಿಲ್ಲ. ಪಕ್ಕದಿಂದ, ಕೆಳಗಿನಿಂದ, ಅಂದರೆ ನೂರಾರು ಸಾವಿರಾರು ಕಿಲೋಮೀಟರ್ ನೆಲ ತೂರಿ ಬರುವುದನ್ನು ನೋಡುವುದು. ನ್ಯೂಟ್ರಿನೊ ಡಿಕ್ಕಿ ಹೊಡೆಯಬೇಕಾದದ್ದು ಸುತ್ತಲ ಬಂಡೆಗೆ, ಉಪಕರಣಕ್ಕಲ್ಲ. ಇಡೀ ಗಣಿಯೇ ಪ್ರಯೋಗಾಲಯದ ಭಾಗವಾಯಿತು. 1965ರ ಏಪ್ರಿಲ್‌ನಲ್ಲಿ ಮೊದಲ ಗುರುತು ಸಿಕ್ಕಿತು. ಅದೇ ವರ್ಷ ಆಗಸ್ಟ್ 15ರಂದು ಪ್ರಬಂಧ ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ರೈನಸ್ ತಂಡ ಫೆಬ್ರುವರಿಯಲ್ಲೇ ಒಂದು ನ್ಯೂಟ್ರಿನೊ ಕಂಡಿತ್ತಾದರೂ ಅವರ ಪ್ರಬಂಧ ಬಂದದ್ದು ಎರಡು ವಾರ ತಡವಾಗಿ. ವಾತಾವರಣದ ನ್ಯೂಟ್ರಿನೊ ಇದೆ ಎಂದು ಜಗತ್ತು ಮೊದಲು ಓದಿದ್ದು ಕೋಲಾರದಿಂದ. ಶಕ್ತಿ ಹೆಚ್ಚಾದರೆ ದುರ್ಬಲ ಬಲ ಬಲಗೊಳ್ಳುತ್ತದೆ ಎಂಬ ಮಾತಿನ ಮೇಲೆ ಭರವಸೆಯಿಟ್ಟೇ ಆ ಜನ ಅಷ್ಟು ಆಳಕ್ಕೆ ಇಳಿದಿದ್ದರು. ಹಾಗೆ ಬಲಗೊಳ್ಳದೆ ಇದ್ದಿದ್ದರೆ ಇಡೀ ಆಯುಷ್ಯ ಕಾದರೂ ಒಂದು ಗುರುತು ಸಿಗುತ್ತಿರಲಿಲ್ಲ.

ಇಷ್ಟಾದ ಮೇಲೆ ಒಂದು ತೊಡಕು. ಏರುತ್ತಲೇ ಹೋಗುವ ಬಲ ಎಲ್ಲಿ ನಿಲ್ಲಬೇಕು? ಫರ್ಮಿಯ ಸೂತ್ರವನ್ನು ಕೆಲವು ನೂರು ಜಿಇವಿ ತನಕ ಎಳೆದರೆ, ಡಿಕ್ಕಿಯಾಗುವ ಸಂಭವ ನೂರಕ್ಕೆ ನೂರನ್ನೂ ಮೀರುತ್ತದೆ. ಒಂದು ಜಿಇವಿ ಎಂದರೆ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್, ಸುಮಾರಾಗಿ ಒಂದು ಪ್ರೋಟಾನಿನ ತೂಕಕ್ಕೆ ಸಮನಾದ ಶಕ್ತಿ. ನೂರು ಮಂದಿ ಸೇರಿದ ಊಟಕ್ಕೆ ನೂರಿಪ್ಪತ್ತು ಮಂದಿ ಉಂಡರು ಎಂದಂತೆ ಅದು. ಸೂತ್ರ ಅರ್ಧಸತ್ಯ ಎಂಬುದು ಅಲ್ಲಿಗೆ ಖಚಿತ. ಆ ಅರ್ಧಸತ್ಯದ ರೂಪವನ್ನು 1957ರಲ್ಲಿ ನಿಖರವಾಗಿ ಹೇಳಿದವರಲ್ಲಿ ಟಾಟಾ ಸಂಸ್ಥೆಯಿಂದ ಅಮೆರಿಕಕ್ಕೆ ಹೋಗಿದ್ದ ಇ. ಸಿ. ಜಿ. ಸುದರ್ಶನ್ ಮೊದಲಿಗರು, ತಮ್ಮ ಗುರು ಮಾರ್ಷಾಕ್ ಜೊತೆಗೂಡಿ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೈದ್ಧಾಂತಿಕ ಅಧ್ಯಯನ ಕೇಂದ್ರದಲ್ಲೂ ಇದ್ದರು. ಪೂರ್ಣಸತ್ಯ ಬಂದದ್ದು ಗ್ಲಾಶೊ, ವೈನ್‌ಬರ್ಗ್, ಸಲಾಮ್ ಅವರ 1960ರ ದಶಕದ ಸಿದ್ಧಾಂತದಿಂದ.

ಅದರ ತಿರುಳನ್ನು ನಮ್ಮ ಹೊಳೆಯ ಭಾಷೆಯಲ್ಲಿ ಹೇಳಬಹುದು. ತುಂಗಭದ್ರೆಯಲ್ಲಿ ಎರಡು ಹರಿಗೋಲುಗಳಿವೆ ಎಂದುಕೊಳ್ಳಿ. ಒಬ್ಬರು ಇನ್ನೊಬ್ಬರಿಗೆ ಚೆಂಡು ಎಸೆದರೆ ಎಷ್ಟು ದೂರದಿಂದಲೂ ಕೊಟ್ಟು ತೆಗೆದುಕೊಳ್ಳಬಹುದು. ವಿದ್ಯುತ್ಕಾಂತ ಬಲ ಹಾಗೆ. ಅದರ ದೂತ ಬೆಳಕಿನ ಕಣ, ತೂಕವೇ ಇಲ್ಲ. ದುರ್ಬಲ ಬಲದ ದೂತರು ಡಬ್ಲ್ಯು ಮತ್ತು ಜೆಡ್ ಎಂಬ ಕಣಗಳು, ಅವು ಬೀಸುಕಲ್ಲಿನಂತೆ. ಹರಿಗೋಲುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದರೆ ಮಾತ್ರ ಬೀಸುಕಲ್ಲು ಕೈಬದಲಾಗಬಹುದು. ಡಬ್ಲ್ಯು ತೂಕ ಪ್ರೋಟಾನಿನ ಎಂಬತ್ತೈದು ಪಟ್ಟಿಗಿಂತ ಹೆಚ್ಚು, ಸುಮಾರು 80 ಜಿಇವಿ. ಜೆಡ್ 91 ಜಿಇವಿ. ಬೀಟಾ ಕ್ಷಯದ ಬಡ ಶಕ್ತಿಯಲ್ಲಿ ಇಂಥ ಭಾರವನ್ನು ಎತ್ತುವುದೇ ಕಷ್ಟ, ಹಾಗಾಗಿ ಕೆಲಸ ಅಪರೂಪಕ್ಕೆ ನಡೆಯುತ್ತದೆ. ಶಕ್ತಿಯನ್ನು ಡಬ್ಲ್ಯು ತೂಕದಿಂದ ಭಾಗಿಸಿ ವರ್ಗ ಮಾಡಿದರೆ ಬರುವ ಸಂಖ್ಯೆಯೇ ಆ ದೌರ್ಬಲ್ಯದ ಅಳತೆ. ಒಂದು ಜಿಇವಿಯಲ್ಲಿ ಅದು 6400ರಲ್ಲಿ ಒಂದು ಭಾಗ. ಪರಮಾಣು ಬೀಜದ ದಶಲಕ್ಷ ವೋಲ್ಟ್ ಮಟ್ಟದಲ್ಲಿ ಸಾವಿರ ಕೋಟಿಯಲ್ಲಿ ಒಂದೋ ಎರಡೋ ಭಾಗ. ಎಂಬತ್ತು ಜಿಇವಿ ಮುಟ್ಟಿದರೆ ಭಾರ ಇನ್ನು ತೊಡಕಲ್ಲ, ಏರಿಕೆಯೂ ಅಲ್ಲಿಗೆ ನಿಲ್ಲುತ್ತದೆ. ಅಲ್ಲಿ ಕಾಣುವುದು ದುರ್ಬಲ ಬಲದ ನಿಜವಾದ ಕಸುವು.

ಆ ಕಸುವು ಎಷ್ಟು? ವಿದ್ಯುತ್ಕಾಂತ ಬಲದ ಅಳತೆ ನಮ್ಮ ದಿನನಿತ್ಯದ ಲೋಕದಲ್ಲಿ 1/137, ಜೆಡ್ ತೂಕದ ಮಟ್ಟದಲ್ಲಿ 1/128. ದುರ್ಬಲ ಬಲದ್ದು ಅದೇ ಮಟ್ಟದಲ್ಲಿ ಸುಮಾರು 1/30. ಅಂದರೆ ದುರ್ಬಲ ಎನಿಸಿಕೊಂಡದ್ದು ಮೂಲದಲ್ಲಿ ವಿದ್ಯುತ್ತಿಗಿಂತ ನಾಲ್ಕು ಪಟ್ಟು ಬಲಶಾಲಿ. ಇದು ಲೆಕ್ಕದ ಚಮತ್ಕಾರವಲ್ಲ. 1973ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಜೆಡ್ ಕಣದ ಪರೋಕ್ಷ ಗುರುತು ಸಿಕ್ಕಿತು, 1983ರಲ್ಲಿ ಡಬ್ಲ್ಯು ಮತ್ತು ಜೆಡ್ ಎರಡೂ ಅಲ್ಲೇ ನೇರವಾಗಿ ಕಂಡವು. ಮುಂದೆ ಜರ್ಮನಿಯ ಹ್ಯಾಂಬರ್ಗಿನ ಹೆರಾ ಯಂತ್ರ 1992ರಿಂದ 2007ರ ತನಕ ಎಲೆಕ್ಟ್ರಾನುಗಳನ್ನೂ ಪ್ರೋಟಾನುಗಳನ್ನೂ ಡಿಕ್ಕಿ ಹೊಡೆಸಿತು. ಮೆಲ್ಲಗಿನ ಡಿಕ್ಕಿಗಳಲ್ಲಿ ವಿದ್ಯುತ್ಕಾಂತ ಬಲದ್ದೇ ಆಟ. ಡಿಕ್ಕಿ ಜೋರಾಗುತ್ತ ನೂರು ಜಿಇವಿ ಹತ್ತಿರ ಬಂದಂತೆ ಎರಡು ಬಲಗಳ ಎಣಿಕೆ ಒಂದೇ ಎತ್ತರಕ್ಕೆ ಬಂದು ಸೇರಿಕೊಂಡಿತು. ಆ ಗೆರೆಗಳನ್ನು ನೋಡಿದವರಿಗೆ ದುರ್ಬಲ ಎಂಬ ಪದ ನಮ್ಮ ಕಾಲು ಊರಿದ ನೆಲದ ಮಾತು, ಆ ಬಲದ ಗುಣವಲ್ಲ ಎಂದು ಅರ್ಥವಾಗುತ್ತದೆ. ಇದೇ ಕಾರಣಕ್ಕೆ 1995ರಲ್ಲಿ ಕಂಡುಬಂದ ಟಾಪ್ ಕ್ವಾರ್ಕ್, ಡಬ್ಲ್ಯುಗಿಂತ ಭಾರವಾದ್ದರಿಂದ, ಸಾರ್ಜೆಂಟನ ಏಣಿಯನ್ನೇ ಬಿಟ್ಟು ಜಿಗಿಯುತ್ತದೆ. ದಶಮಾಂಶ ಬಿಂದುವಿನ ಮುಂದೆ 24 ಸೊನ್ನೆ ಬರೆದು 5 ಹಾಕಿ, ಅಷ್ಟು ಸೆಕೆಂಡ್ ಅದರ ಬಾಳು.

ಇಲ್ಲಿಂದ ಮುಂದೆ ಇನ್ನೊಂದು ಬದಲಾವಣೆಯಿದೆ, ಹೆಚ್ಚು ಸೂಕ್ಷ್ಮ. ನಿರ್ವಾತ ನಿಜಕ್ಕೂ ಖಾಲಿಯಲ್ಲ. ಅದರಲ್ಲಿ ಕಣಗಳ ಜೋಡಿಗಳು ಕ್ಷಣಕಾಲ ಮೂಡಿ ಮುಳುಗುತ್ತಿರುತ್ತವೆ. ಎಲೆಕ್ಟ್ರಾನಿನ ಸುತ್ತ ಅವು ಜಾತ್ರೆಯ ಜನರಂತೆ ಮುತ್ತಿಕೊಂಡು ಅದರ ಆವೇಶವನ್ನು ಮರೆಮಾಡುತ್ತವೆ. ಜನರನ್ನು ಸರಿಸಿ ಒಳಗೆ ನುಗ್ಗಿದಷ್ಟೂ ತೇರು ದೊಡ್ಡದಾಗಿ ಕಾಣುತ್ತದೆ. 1/137 ಎಂಬುದು 1/128 ಆಗುವುದು ಹಾಗೆ. ಹೆಚ್ಚು ಶಕ್ತಿ ಎಂದರೆ ಹೆಚ್ಚು ಹತ್ತಿರ ನುಗ್ಗುವುದು. ದುರ್ಬಲ ಬಲದಲ್ಲಿ ಇದು ತಿರುಗುಮುರುಗು. ಅದರ ದೂತರು ತಾವೇ ಆ ಆವೇಶವನ್ನು ಹೊತ್ತು ತಿರುಗುತ್ತಾರೆ. ನೀರಿನಲ್ಲಿಟ್ಟ ಬೆಲ್ಲದ ಅಚ್ಚಿನಂತೆ ಸಿಹಿ ಸುತ್ತಲೂ ಹರಡಿಕೊಂಡಿರುತ್ತದೆ. ದೂರದಿಂದ ರುಚಿ ನೋಡಿದರೆ ಅಷ್ಟೂ ಸಿಹಿ ಲೆಕ್ಕಕ್ಕೆ ಬರುತ್ತದೆ, ಒಳಗೆ ಹೋದರೆ ಕರಗದೆ ಉಳಿದಷ್ಟೇ. ಹಾಗಾಗಿ ಡಬ್ಲ್ಯು ಮಟ್ಟ ದಾಟಿದ ಮೇಲೆ ದುರ್ಬಲ ಬಲದ ಕಸುವು ನಿಧಾನವಾಗಿ ಕುಗ್ಗುತ್ತದೆ. ಪ್ರಬಲ ಬಲವೂ ಹೀಗೆಯೇ, ಇನ್ನೂ ಬೇಗ ಕುಗ್ಗುತ್ತದೆ. ಇದನ್ನು 1973ರಲ್ಲಿ ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ ತೋರಿಸಿದರು.

ಒಂದು ಏರುತ್ತದೆ, ಎರಡು ಇಳಿಯುತ್ತವೆ. ಎಲ್ಲೋ ಒಂದು ಕಡೆ ಮೂರೂ ಸೇರಬಹುದಲ್ಲ? 1974ರಲ್ಲಿ ಜಾರ್ಜಿ ಮತ್ತು ಗ್ಲಾಶೊ ಮೂರು ಬಲಗಳೂ ಒಂದೇ ಬಲದ ಮೂರು ಮುಖ ಎನ್ನುವ ಸಿದ್ಧಾಂತ ಮುಂದಿಟ್ಟರು. ಅದೇ ಹೊತ್ತಿಗೆ ಒಡಿಶಾದವರಾದ ಜೋಗೇಶ್ ಪತಿ, ಸಲಾಮ್ ಜೊತೆ ಅಂಥದೇ ಇನ್ನೊಂದು ದಾರಿ ಹಿಡಿದಿದ್ದರು. ಜಾರ್ಜಿ, ಕ್ವಿನ್, ವೈನ್‌ಬರ್ಗ್ ಲೆಕ್ಕ ಹಾಕಿ ಕೂಡುವ ಜಾಗ 1ರ ಮುಂದೆ ಹದಿನೈದು ಸೊನ್ನೆಯ ಆಸುಪಾಸಿನ ಜಿಇವಿ ಎಂದರು. ಯಾವ ಯಂತ್ರವೂ ಅಲ್ಲಿಗೆ ಮುಟ್ಟಲಾರದು. ಆದರೆ ಅಲ್ಲಿಂದ ಒಂದು ಸುಳಿವು ಕೆಳಗೆ ಇಳಿದು ಬರಬೇಕು: ಮೂರು ಬಲಗಳೂ ಒಂದೇ ಆದರೆ ಪ್ರೋಟಾನ್ ಅಮರವಲ್ಲ. ಎಂದೋ ಒಂದು ದಿನ ಒಡೆಯಲೇಬೇಕು. ಹಂಪಿಯ ಪೊಟ್ಯಾಸಿಯಂ ಮಾತ್ರವಲ್ಲ, ಬಂಡೆಯೇ, ಹೊಳೆಯೇ, ನಾವೇ ನಶ್ವರ.

ಈ ಸುಳಿವನ್ನು ಹುಡುಕಲು ಜಗತ್ತಿನಲ್ಲಿ ಮೊದಲು ಹೊರಟವರಲ್ಲಿ ಮತ್ತೆ ಕೋಲಾರದವರೇ ಮುಂದು. ಟಾಟಾ ಸಂಸ್ಥೆ, ಒಸಾಕಾ, ಟೋಕಿಯೊ ಸೇರಿ 2.3 ಕಿಲೋಮೀಟರ್ ಆಳದಲ್ಲೇ ಹೊಸ ಉಪಕರಣ ಕಟ್ಟಿದರು. ಕಬ್ಬಿಣದ ತಟ್ಟೆಗಳು, ಅವುಗಳ ನಡುವೆ ಸಾಲುಸಾಲಾಗಿ ಎಣಿಕೆಯ ಕೊಳವೆಗಳು, ಒಟ್ಟು 140 ಟನ್. ನಮ್ಮ ಕಡೆಯ ಲೆಕ್ಕದಲ್ಲಿ ದೋಣಿಮಲೈಯಿಂದ ಹೊರಡುವ ಅದಿರಿನ ರೈಲಿನ ಎರಡೋ ಮೂರೋ ವ್ಯಾಗನ್ ತೂಕ. ಅದನ್ನು ತುಂಡುತುಂಡಾಗಿ ಗಣಿಯ ತೊಟ್ಟಿಲಲ್ಲಿ ಕೆಳಗಿಳಿಸಿ ಜೋಡಿಸಬೇಕಿತ್ತು. 1980ರ ಕೊನೆಗೆ ಅದು ಕೆಲಸ ಶುರು ಮಾಡಿತು. ಯುಕ್ತಿ ಸರಳ. ಒಂದು ಪ್ರೋಟಾನಿಗೆ 1ರ ಮುಂದೆ 31 ಸೊನ್ನೆಯಷ್ಟು ವರ್ಷ ಆಯುಸ್ಸು ಇದ್ದರೆ ಅಷ್ಟು ವರ್ಷ ಕಾಯಬೇಕಿಲ್ಲ. ಅಷ್ಟು ಪ್ರೋಟಾನುಗಳನ್ನು ಗುಡ್ಡೆ ಹಾಕಿ ಒಂದು ವರ್ಷ ಕಾದರೆ ಸಾಕು. 140 ಟನ್ನಿನಲ್ಲಿ ಅದರ ಎಂಟು ಪಟ್ಟು ಪ್ರೋಟಾನು ನ್ಯೂಟ್ರಾನುಗಳಿವೆ.

ಆರಂಭದ ಒಂದೆರಡು ವರ್ಷದಲ್ಲೇ ಪ್ರೋಟಾನ್ ಒಡೆದಂತೆ ತೋರುವ ಕೆಲವು ಗುರುತುಗಳು ಸಿಕ್ಕಿವೆ ಎಂದು ತಂಡ ಪ್ರಕಟಿಸಿತು. ಜಗತ್ತು ಕೋಲಾರದ ಕಡೆ ತಿರುಗಿ ನೋಡಿತು. ಆದರೆ ಅಮೆರಿಕದ ಒಹಾಯೊ ರಾಜ್ಯದ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರು ತುಂಬಿ ಕಟ್ಟಿದ ಐಎಂಬಿ ಪ್ರಯೋಗ 1982ರಲ್ಲಿ ಶುರುವಾಗಿ, ಕೆಲವೇ ತಿಂಗಳಲ್ಲಿ ಅಂಥದ್ದೇನೂ ಕಾಣುತ್ತಿಲ್ಲ ಎಂದಿತು. ಜಪಾನಿನ ಕಾಮಿಯೊಕಾಂಡೆ 1983ರಿಂದ ಅದನ್ನೇ ಹೇಳಿತು. ಕೋಲಾರದ ಗುರುತುಗಳಿಗೆ ಬೇರೆಲ್ಲೂ ಸಾಕ್ಷಿ ಸಿಗಲಿಲ್ಲ. ಜಾರ್ಜಿ ಮತ್ತು ಗ್ಲಾಶೊ ಅವರ ಸರಳ ಸಿದ್ಧಾಂತ ಬಿದ್ದುಹೋಯಿತು. ಇಂದು ಜಪಾನಿನ ಸೂಪರ್ ಕಾಮಿಯೊಕಾಂಡೆ ಹೇಳುವ ಪ್ರಕಾರ, ಆ ಸಿದ್ಧಾಂತ ಬಯಸಿದ ಮುಖ್ಯ ದಾರಿಯಲ್ಲಿ ಪ್ರೋಟಾನ್ ಒಡೆಯುವುದಾದರೆ ಆಯುಸ್ಸು 1ರ ಮುಂದೆ 34 ಸೊನ್ನೆಯಷ್ಟು ವರ್ಷಕ್ಕಿಂತಲೂ ಹೆಚ್ಚು.

ಇತ್ತ ಲೆಕ್ಕವೂ ಅದನ್ನೇ ಹೇಳತೊಡಗಿತು. 1989ರಲ್ಲಿ ಶುರುವಾದ ಸರ್ನ್‌ನ ಎಲ್ಇಪಿ ಯಂತ್ರ ಮೂರು ಬಲಗಳ ಕಸುವನ್ನು ಬಹಳ ನಿಖರವಾಗಿ ಅಳೆಯಿತು. ಆ ಅಂಕಿಗಳನ್ನು ಹಿಡಿದು 1ರ ಮುಂದೆ ಹದಿನೈದು ಸೊನ್ನೆಯ ಜಿಇವಿ ತನಕ ಏಣಿ ಹತ್ತಿಸಿದರೆ, ಸ್ಥೂಲ ಲೆಕ್ಕದಲ್ಲಿ ದುರ್ಬಲ ಬಲ 1/30ರಿಂದ 1/45ಕ್ಕೆ ಇಳಿಯುತ್ತದೆ, ಪ್ರಬಲ ಬಲ 1/8.5ರಿಂದ 1/42ಕ್ಕೆ ಇಳಿಯುತ್ತದೆ, ಮೂರನೆಯದು 1/59ರಿಂದ 1/39ಕ್ಕೆ ಏರುತ್ತದೆ. ಹತ್ತಿರ ಬರುತ್ತವೆ, ಕೂಡುವುದಿಲ್ಲ. ಮೂರು ದಾರಿಗಳು ಒಂದು ಊರಿನ ಹೊರವಲಯದ ತನಕ ಬಂದು ಬೇರೆ ಬೇರೆ ಹೋದಂತೆ. 1991ರಲ್ಲಿ ಅಮಾಲ್ಡಿ, ಡಿ ಬೋರ್, ಫ್ಯೂರ್ಸ್ಟೆನಾವ್ ಇದನ್ನು ಸ್ಪಷ್ಟವಾಗಿ ತೋರಿಸಿ, ಇನ್ನೂ ಕಾಣದ ಹೊಸ ಕಣಗಳಿದ್ದರೆ ಕೂಡಬಹುದು ಎಂದರು. ಆ ಕಣಗಳು ಇನ್ನೂ ಕಂಡಿಲ್ಲ. ಹಾಗೆಂದು ಬಲಗಳ ಕಸುವು ಬದಲಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ವಿದ್ಯುತ್ಕಾಂತ ಮತ್ತು ದುರ್ಬಲ ಬಲಗಳ ಬೆರಕೆಯ ಪ್ರಮಾಣ ಜೆಡ್ ಮಟ್ಟದಲ್ಲಿ 0.231 ಇದ್ದುದು ಕೆಳಗಿನ ಶಕ್ತಿಯಲ್ಲಿ ಸುಮಾರು 0.238 ಆಗಬೇಕು ಎಂಬುದು ಸಿದ್ಧಾಂತದ ಮಾತು. 2005ರಲ್ಲಿ ಸ್ಟ್ಯಾನ್‌ಫರ್ಡಿನ ಇ158 ಪ್ರಯೋಗ ಆ ವ್ಯತ್ಯಾಸವನ್ನು ಅಳೆದು ತೋರಿಸಿತು.

ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ನೀರೆತ್ತುವ ಪಂಪುಗಳು ನಿಂತ ಮೇಲೆ ಆಳಕ್ಕೆ ನೀರು ತುಂಬಿತು. ಪ್ರೋಟಾನಿಗೆಂದೇ ಕಟ್ಟಿದ ಕಾಮಿಯೊಕಾಂಡೆ 1987ರಲ್ಲಿ ದೂರದ ನಕ್ಷತ್ರವೊಂದು ಸ್ಫೋಟಿಸಿದಾಗ ಹನ್ನೊಂದು ನ್ಯೂಟ್ರಿನೊಗಳನ್ನು ಹಿಡಿದು ಹೆಸರಾಯಿತು. ಅದರ ಮರಿಯಾದ ಸೂಪರ್ ಕಾಮಿಯೊಕಾಂಡೆ 1998ರಲ್ಲಿ, ಕೋಲಾರ ಮೊದಲು ಕಂಡ ಅದೇ ವಾತಾವರಣದ ನ್ಯೂಟ್ರಿನೊಗಳು ದಾರಿಯಲ್ಲಿ ವೇಷ ಬದಲಿಸುತ್ತವೆ ಎಂದು ತೋರಿಸಿ ನೊಬೆಲ್ ಪಡೆಯಿತು. ನಮ್ಮಲ್ಲಿ ಆ ಕೆಲಸವನ್ನು ಮುಂದುವರಿಸಬೇಕಿದ್ದ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯ, 50 ಸಾವಿರ ಟನ್ ಕಬ್ಬಿಣದ ಯೋಜನೆ, ಮೊದಲು ನೀಲಗಿರಿಯಲ್ಲಿ, ಆಮೇಲೆ ತಮಿಳುನಾಡಿನ ತೇನಿಯಲ್ಲಿ ಜಾಗ ಹುಡುಕಿ, ಕಾಡಿನ ಪ್ರಶ್ನೆಗಳಲ್ಲೂ ನ್ಯಾಯಾಲಯಗಳಲ್ಲೂ ಸಿಕ್ಕಿಕೊಂಡಿತು. ಬೆಟ್ಟ ಕೊರೆಯುವುದನ್ನು ವಿರೋಧಿಸಿದ ಊರಿನವರನ್ನು ನಾನು ಹಳಿಯಲಾರೆ. ಸಂಡೂರಿನ ಬೆಟ್ಟಗಳ ಗತಿಯನ್ನು ನೋಡುತ್ತ ಬೆಳೆದವರಿಗೆ, 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಬೇಕಾಗಿ ಬಂದದ್ದನ್ನು ಕಂಡವರಿಗೆ, ಆ ಭಯ ಅರ್ಥವಾಗುತ್ತದೆ. ಆದರೆ ಕೋಲಾರದಲ್ಲಿ ಹೊಸದಾಗಿ ಕೊರೆಯುವುದು ಏನೂ ಇರಲಿಲ್ಲ. ಕೂಲಿಕಾರರು ತಲೆಮಾರುಗಳ ಕಾಲ ಪ್ರಾಣ ಒತ್ತೆಯಿಟ್ಟು ಇಳಿದ ಆಳ ಅಲ್ಲಿ ತಯಾರಾಗಿಯೇ ಇತ್ತು. ಚಿನ್ನ ಲಾಭ ಕೊಡದೆ ಹೋದಾಗ ಆಳಕ್ಕೂ ಬೆಲೆಯಿಲ್ಲ ಎಂದು ನಿರ್ಧರಿಸಿದೆವು.

ನನಗೆ ಕಾಡುವುದು ಇದು. ಕೋಲಾರವೆಂದರೆ ನಮ್ಮ ಜನಕ್ಕೆ ಚಿನ್ನ, ಈಚೆಗೆ ಸಿನಿಮಾ. ಹೊಸಪೇಟೆ, ಸಂಡೂರೆಂದರೆ ಅದಿರು. ನೆಲದಿಂದ ಹೊರತೆಗೆದದ್ದನ್ನು ಟನ್ನಿನಲ್ಲಿ ಎಣಿಸುತ್ತೇವೆ. ನೆಲದೊಳಕ್ಕೆ ಇಳಿದು ಕೇಳಿದ ಪ್ರಶ್ನೆಗಳನ್ನು ಎಣಿಸುವವರಿಲ್ಲ. 1965ರಲ್ಲಿ ಪ್ರಶ್ನೆಗೆ ಹೌದು ಎಂಬ ಉತ್ತರ ಬಂತು. 1980ರ ದಶಕದಲ್ಲಿ ಇಲ್ಲ ಎಂಬ ಉತ್ತರ ಬಂತು. ಎರಡಕ್ಕೂ ಸಮನಾದ ಬೆಲೆ. ಒಂದು ಸುಂದರ ಸಿದ್ಧಾಂತ ಸುಳ್ಳೆಂದು ತಿಳಿಯುವುದಕ್ಕೂ ಯಾರಾದರೂ ಆ ಕತ್ತಲಲ್ಲಿ ವರ್ಷಗಟ್ಟಲೆ ಕೂರಲೇಬೇಕಿತ್ತು.

ದುರ್ಬಲ ಎಂಬ ಹೆಸರು ಪಠ್ಯಪುಸ್ತಕಗಳಲ್ಲಿ ಉಳಿದುಕೊಂಡಿದೆ, ಇನ್ನು ಬದಲಾಗಲಾರದು. ಅದನ್ನು ಓದುವ ವಿದ್ಯಾರ್ಥಿಗಳು ಒಂದು ಮಾತು ನೆನಪಿಟ್ಟುಕೊಂಡರೆ ಸಾಕು. ಅದು ಬಲವನ್ನು ಅಳೆದು ಇಟ್ಟ ಹೆಸರಲ್ಲ, ನಾವು ನಿಂತ ಜಾಗದಿಂದ ಕಂಡದ್ದನ್ನು ಹೇಳುವ ಹೆಸರು. ಇದೇ ಶಕ್ತಿಯ ಮಟ್ಟದಲ್ಲಿ ನಾವು ಬದುಕುತ್ತಿರುವುದರಿಂದಲೇ ಸೂರ್ಯ ನಿಧಾನಕ್ಕೆ ಉರಿಯುತ್ತಾನೆ, ಹಂಪಿಯ ಬಂಡೆ 250 ಕೋಟಿ ವರ್ಷದ ಲೆಕ್ಕ ಇಟ್ಟುಕೊಂಡು ಇನ್ನೂ ನಿಂತಿದೆ. ಆ ಬಲದ ಪೂರ್ತಿ ಕಸುವು ನಮ್ಮ ನಡುವೆ ಇಳಿದಿದ್ದರೆ ಅದನ್ನು ದುರ್ಬಲ ಎಂದು ಕರೆಯಲು ಯಾರೂ ಇರುತ್ತಿರಲಿಲ್ಲ.